ಬೆವರದ ಮಂಜುಗಡ್ಡೆ

ಮಾನ್ಯ ಓದುಗರಲ್ಲಿ ವಿನಯಪೂರ್ವಕ ಅರಿಕೆ.

ಹೆಬ್ಬಾಳದ ಸಮೀಪವಿರುವ ಖಾಸಗಿ ಆಸ್ಪತ್ರೆಯೊಂದರಲ್ಲಿ, ದಾನವಾಗಿ ಬಂದ ಮೂತ್ರಪಿಂಡಗಳನ್ನು ಕಸಿ ಮಾಡುವ ಗಳಿಗೆಯವರೆಗೆ ಕೆಡದಂತೆ ಕಾಯುವ ತಂತ್ರಜ್ಞೆಯಾಗಿ ನಾನು ಕರ್ತವ್ಯ ನಿರ್ವಹಿಸುತ್ತಿದ್ದೇನೆ. ಈವರೆಗೆ ನಾನು ಬರೆದಿರುವುದೆಂದರೆ ಘಟನಾ ವರದಿಗಳು, ರಜೆಯ ಅರ್ಜಿಗಳು ಮತ್ತು ಉಪಕರಣಗಳ ದುರಸ್ತಿ ಕೋರಿದ ಮನವಿಗಳು ಮಾತ್ರ. ಆದಕಾರಣ ಈ ಬರಹವೂ ಅದೇ ಧಾಟಿಯಲ್ಲಿ ಸಾಗಿದಲ್ಲಿ ಮನ್ನಿಸಬೇಕೆಂದು ಕೋರುತ್ತೇನೆ. ಒಂದು ದಿನದ ಕೆಲಸದಲ್ಲಿ ನನ್ನಿಂದಾದ ಲೋಪವನ್ನೂ ಅದರಿಂದ ಮುಂದೆ ಆದದ್ದನ್ನೂ ನಡೆದ ಕ್ರಮದಲ್ಲಿಯೇ ನಿವೇದಿಸುವುದು ನನ್ನ ಉದ್ದೇಶ. ಇದರ ವರದಿ ಆಸ್ಪತ್ರೆಯ ಕಡತದಲ್ಲಿ ಒಂದೂವರೆ ಪುಟದಷ್ಟಿದೆ. ಆ ಒಂದೂವರೆ ಪುಟದಲ್ಲಿ ಸೇರಿಸಲು ಅವಕಾಶವಿಲ್ಲದಿದ್ದ ಸಂಗತಿಗಳು ಇಲ್ಲಿವೆ.

ಮೊದಲಿಗೆ ಕೆಲಸದ ವಿಧಾನವನ್ನು ತಿಳಿಸಬೇಕಾಗುತ್ತದೆ. ದಾನಿಯ ದೇಹದಲ್ಲಿ ರಕ್ತ ಸಂಚಾರ ನಿಲ್ಲಿಸಿದ ಕ್ಷಣದಿಂದ ಮೂತ್ರಪಿಂಡಕ್ಕೆ ಉಸಿರಿಲ್ಲ. ಆ ಕ್ಷಣದಲ್ಲಿಯೇ ಮಹಾಪಧಮನಿಯ ಮೂಲಕ ತಣ್ಣನೆಯ ಸಂರಕ್ಷಣಾ ದ್ರಾವಣವನ್ನು ಹರಿಸಿ ಒಳಗಿನ ರಕ್ತವನ್ನೆಲ್ಲ ತೊಳೆಯುತ್ತಾರೆ. ಕಡುಗೆಂಪಾಗಿದ್ದ ಅಂಗ ಕಣ್ಣೆದುರೇ ಬಿಳಿಚಿಕೊಂಡು ಮಾಸಲು ಬಣ್ಣಕ್ಕೆ ತಿರುಗುತ್ತದೆ. ಬಳಿಕ ಅದನ್ನು ಮೂರು ಚೀಲಗಳಲ್ಲಿ, ಒಂದರೊಳಗೊಂದರಂತೆ ಇಡಲಾಗುತ್ತದೆ. ಒಳಗಿನ ಚೀಲದಲ್ಲಿ ಮೂತ್ರಪಿಂಡ ಮತ್ತು ಸಂರಕ್ಷಣಾ ದ್ರಾವಣ, ನಡುವಿನದರಲ್ಲಿ ತಣ್ಣನೆಯ ಸಲೈನ್, ಹೊರಗಿನದು ಬರಿಯ ರಕ್ಷಣೆಗೆ. ಪ್ರತಿ ಚೀಲದ ಬಾಯಿಯನ್ನೂ ಪ್ರತ್ಯೇಕವಾಗಿ ಕಟ್ಟಿ, ಪುಡಿ ಮಾಡಿದ ಮಂಜುಗಡ್ಡೆ ತುಂಬಿದ ಪೆಟ್ಟಿಗೆಯಲ್ಲಿಡಬೇಕು.

ಇಲ್ಲಿ ಜನರು ತಪ್ಪು ತಿಳಿಯುವ ಒಂದು ಅಂಶವಿದೆ. ಹೆಚ್ಚು ತಣ್ಣಗಾದಷ್ಟೂ ಒಳ್ಳೆಯದೆಂದು ಅನೇಕರು ಭಾವಿಸುತ್ತಾರೆ. ಮೂತ್ರಪಿಂಡ ತಣ್ಣಗಿರಬೇಕು, ಹೆಪ್ಪುಗಟ್ಟಬಾರದು. ಹೆಪ್ಪುಗಟ್ಟಿದರೆ ಜೀವಕೋಶದೊಳಗಿನ ನೀರು ಹರಳಾಗಿ ಕೋಶವನ್ನೇ ಸೀಳುತ್ತದೆ. ಆಮೇಲೆ ಎಷ್ಟು ಬಿಸಿ ರಕ್ತ ಹರಿಸಿದರೂ ಅದು ಕಿಡ್ನಿಯಲ್ಲ, ಮಾಂಸ.

ಈ ಕೆಲಸವನ್ನು ನನಗೆ ಕಲಿಸಿದ ಹಿರಿಯ ತಂತ್ರಜ್ಞರು, ಈಗ ನಿವೃತ್ತರು, ಪುಸ್ತಕದಲ್ಲಿಲ್ಲದ ಒಂದು ಕ್ರಮವನ್ನು ರೂಢಿಸಿದ್ದರು. ಫ್ರೀಜರಿನಿಂದ ತೆಗೆದ ಮಂಜುಗಡ್ಡೆಯನ್ನು ನೇರವಾಗಿ ಪೆಟ್ಟಿಗೆಗೆ ಸುರಿಯಲು ಬಿಡುತ್ತಿರಲಿಲ್ಲ. ಬೇಸಿನ್ನಿನಲ್ಲಿ ಹಾಕಿ, ಒಂದಿಷ್ಟು ನೀರು ಬೆರೆಸಿ, ಅದು ಬೆವರುವವರೆಗೆ ಕಾಯಲು ಹೇಳುತ್ತಿದ್ದರು.

"ಒಂದು ತುಂಡು ಕೈಯಲ್ಲಿ ಹಿಡ್ಕೋಮ್ಮಾ," ಎನ್ನುತ್ತಿದ್ದರು. "ಬೆರಳಿಗೆ ಅಂಟ್ಕೊಳ್ತಾ? ಹಾಗಾದ್ರೆ ಅದಕ್ಕಿನ್ನೂ ಹಸಿವಿದೆ. ಹಸಿದಿರೋದು ಏನ್ ಸಿಕ್ರೂ ತಿನ್ನುತ್ತೆ. ಬೆವರಿ ಜಾರ್ತಾ ಇದ್ರೆ ಮಾತ್ರ ಒಳಗೆ ಹಾಕು."

ಕರಗುತ್ತಿರುವ ಮಂಜುಗಡ್ಡೆ ಸೊನ್ನೆ ಡಿಗ್ರಿಗಿಂತ ಕೆಳಗಿಳಿಯುವುದಿಲ್ಲ, ಫ್ರೀಜರಿನಿಂದ ಆಗ ತಾನೆ ಬಂದದ್ದು ಅದಕ್ಕಿಂತ ಬಹಳ ಕೆಳಗಿರುತ್ತದೆ ಎಂಬುದೇ ಇದರ ಅರ್ಥವೆಂದು ನಾನು ಎಷ್ಟೋ ಹೊಸಬರಿಗೆ ಹೇಳಿಕೊಟ್ಟಿದ್ದೇನೆ. ಅದನ್ನು ತಪ್ಪಿದವಳೂ ನಾನೇ.

ಸದರಿ ದಿನ ಯಶವಂತಪುರದ ಕಡೆಯ ಒಂದು ಆಸ್ಪತ್ರೆಯಲ್ಲಿ ಅಂಗಾಂಗ ದಾನವಿತ್ತು. ದಾನಿಯ ಬಗ್ಗೆಯಾಗಲಿ ಅವರ ಮನೆಯವರ ಬಗ್ಗೆಯಾಗಲಿ ಬರೆಯುವ ಅಧಿಕಾರ ನನಗಿಲ್ಲ. ಶಸ್ತ್ರಕ್ರಿಯೆಗೆ ಮೊದಲು ಥಿಯೇಟರಿನಲ್ಲಿದ್ದ ಎಲ್ಲರೂ ಒಂದು ನಿಮಿಷ ಕೈಕಟ್ಟಿ ನಿಂತಿದ್ದೆವು ಎಂಬುದನ್ನಷ್ಟೇ ದಾಖಲಿಸುತ್ತೇನೆ. ನಾನು ಹಿಂದಿನ ದಿನದ ಮಧ್ಯಾಹ್ನದಿಂದ ಕರ್ತವ್ಯದಲ್ಲಿದ್ದೆ. ಕೂತರೆ ಏಳಲಾಗುವುದಿಲ್ಲವೆಂಬ ಭಯದಿಂದ ಕೂತಿರಲಿಲ್ಲ.

ಬೆಳಿಗ್ಗೆ ಆರು ನಲವತ್ತಕ್ಕೆ ರಕ್ತ ಸಂಚಾರ ನಿಂತಿತು. ಒಂದು ಮೂತ್ರಪಿಂಡ ಬೇರೆ ಆಸ್ಪತ್ರೆಯ ತಂಡದ ಪಾಲಿಗೆ, ಎಡಗಡೆಯದು ನಮ್ಮ ಪಾಲಿಗೆ ಬಂತು. ನಮ್ಮ ಕಿರಿಯ ಶಸ್ತ್ರವೈದ್ಯರು ದೇಹವನ್ನು ಹೊಲಿದು ಮನೆಯವರಿಗೆ ಒಪ್ಪಿಸುವ ಸಲುವಾಗಿ ಅಲ್ಲಿಯೇ ಉಳಿದರು. ಚೀಲ ಕಟ್ಟುವುದು, ಪೆಟ್ಟಿಗೆ ತುಂಬುವುದು, ನಮ್ಮ ಆಸ್ಪತ್ರೆಗೆ ಮುಟ್ಟಿಸುವುದು ನನ್ನ ಜವಾಬ್ದಾರಿ.

ಆ ಆಸ್ಪತ್ರೆಯ ಐಸ್ ಯಂತ್ರ ಕೆಟ್ಟಿತ್ತು. ಅಲ್ಲಿನ ಸಿಬ್ಬಂದಿ ಫ್ರೀಜರಿನಿಂದ ಮಂಜುಗಡ್ಡೆಯ ಪೊಟ್ಟಣಗಳನ್ನು ತಂದು, ಬಟ್ಟೆಯಲ್ಲಿ ಸುತ್ತಿ, ಕುಟ್ಟಿ ಪುಡಿ ಮಾಡಿಕೊಟ್ಟರು. ನಾನು ಬೇಸಿನ್ನು ಕೇಳಿದೆ. ಅದು ಬರುವಷ್ಟರಲ್ಲಿ ನಮ್ಮ ಆಂಬುಲೆನ್ಸ್ ಚಾಲಕರು ಬಾಗಿಲಿಗೆ ಬಂದರು.

"ಮೇಡಂ, ಪೊಲೀಸ್ನೋರು ಜೀರೋ ಟ್ರಾಫಿಕ್ ಕೊಟ್ಬಿಟ್ಟಿದಾರೆ. ಹೆಬ್ಬಾಳದವರೆಗೂ ಸಿಗ್ನಲ್ ಹಿಡ್ಕೊಂಡು ನಿಂತವ್ರೆ. ಬೆಳಗಿನ ಹೊತ್ತು, ಆಫೀಸ್ ಜನ ಬೈತಾರೆ ಮೇಡಂ. ಹತ್ತೇ ನಿಮಿಷ ಅಂದ್ರು."

"ಐಸ್ ಇನ್ನೂ ಆಗಿಲ್ಲಪ್ಪ."

"ಐಸ್ ಐಸೇ ಅಲ್ವಾ ಮೇಡಂ? ಅದ್ರಲ್ಲಿ ಆಗೋದೇನಿದೆ?"

ಆ ಪ್ರಶ್ನೆಗೆ ಉತ್ತರ ನನಗೆ ಗೊತ್ತಿತ್ತು. ಉತ್ತರ ಕೊಡುವಷ್ಟು ಶಕ್ತಿ ಇರಲಿಲ್ಲವೆಂದು ಬರೆದರೆ ನೆಪವಾಗುತ್ತದೆ. ಪೆಟ್ಟಿಗೆಯ ಮುಚ್ಚಳದಲ್ಲಿ ತಾಪಮಾನ ತೋರಿಸುವ ಮೀಟರಿತ್ತು. ಹೇಗೂ ಅದು ಅಳೆಯುತ್ತದೆ ಎಂದುಕೊಂಡೆ. ಮಂಜುಗಡ್ಡೆಯನ್ನು ಹಾಗೆಯೇ ಸುರಿದು, ಚೀಲವನ್ನಿಟ್ಟು, ಮೇಲೆಯೂ ಸುರಿದು, ಮುಚ್ಚಿ, ಎಂಟು ಹದಿನೈದು ಎಂದು ನಮೂದಿಸಿ ಸಹಿ ಹಾಕಿದೆ. ನನ್ನ ಬೆರಳಿಗೆ ಎರಡು ಚೂರು ಅಂಟಿಕೊಂಡಿದ್ದವು. ಕೊಡವಿಕೊಂಡೆ.

ಬಿಇಎಲ್ ವೃತ್ತ ದಾಟಿದ ಮೇಲೆ ಹೆಬ್ಬಾಳದ ದಿಕ್ಕಿನಲ್ಲಿ ಲಾರಿಯೊಂದು ಆಕ್ಸಲ್ ಮುರಿದು ರಸ್ತೆಗೆ ಅಡ್ಡಲಾಗಿ ನಿಂತುಬಿಟ್ಟಿತ್ತು. ಪೊಲೀಸರು ಬಿಡಿಸಿದ ದಾರಿಯೇ ಮುಚ್ಚಿಹೋಯಿತು. ಸೈರನ್ ಕೂಗುತ್ತಲೇ ಇತ್ತು.

"ಜೀರೋ ಟ್ರಾಫಿಕ್ ಅಂದ್ರೆ ಇದೇ ನೋಡಿ ಮೇಡಂ," ಎಂದರು ಚಾಲಕರು. "ಒಂದು ಗಾಡೀನೂ ಅಲ್ಲಾಡ್ತಿಲ್ಲ."

ನಾನು ನಗಲಿಲ್ಲ. ಪೆಟ್ಟಿಗೆ ನನ್ನ ಮೊಣಕಾಲಿಗೆ ಒತ್ತಿಕೊಂಡಿತ್ತು. ಮೀಟರು ಮೂರು ಡಿಗ್ರಿ ತೋರಿಸುತ್ತಿತ್ತು. ನಾನು ಆ ಅಂಕಿಯನ್ನೇ ನೋಡುತ್ತಾ, ಅದು ಸರಿಯಾಗಿದೆ, ಸರಿಯಾಗಿದೆ ಎಂದುಕೊಳ್ಳುತ್ತಾ ನಲವತ್ತು ನಿಮಿಷ ಕುಳಿತಿದ್ದೆ. ಮೀಟರಿನ ತಂತಿಯ ತುದಿ ಇದ್ದದ್ದು ಮುಚ್ಚಳದ ಕೆಳಗೆ, ಗಾಳಿಯಲ್ಲಿ. ಚೀಲ ಇದ್ದದ್ದು ಮಂಜುಗಡ್ಡೆಯ ನಡುವೆ. ಮಂಜುಗಡ್ಡೆ ಬೆವರುವವರೆಗೆ ಕಾಯಲು ಬೇಕಾಗಿದ್ದ ಹತ್ತು ನಿಮಿಷವನ್ನು ನಾನು ಉಳಿಸಿದ್ದು ಈ ನಲವತ್ತು ನಿಮಿಷಕ್ಕಾಗಿ.

ಒಂಬತ್ತೂವರೆಗೆ ನಮ್ಮ ಥಿಯೇಟರಿನ ಮೇಜಿನ ಮೇಲೆ ಪೆಟ್ಟಿಗೆ ತೆರೆದೆ. ಹಿರಿಯ ಶಸ್ತ್ರವೈದ್ಯರು ಹೊರಗೆ ಕೈ ತೊಳೆಯುತ್ತಿದ್ದರು. ನರ್ಸ್ ಬೆನ್ನು ಮಾಡಿ ಉಪಕರಣಗಳನ್ನು ಜೋಡಿಸುತ್ತಿದ್ದರು. ಹೊರಗಿನ ಚೀಲ ಬಿಚ್ಚಿ ನಡುವಿನ ಚೀಲವನ್ನು ಎತ್ತಿದಾಗ ಒಂದು ಬದಿ ಕೈಗೆ ಬೇರೆಯಾಗಿ ಸಿಕ್ಕಿತು. ಬೆಳಕಿಗೆ ಹಿಡಿದೆ. ಸಲೈನಿನ ಆ ಬದಿಯಲ್ಲಿ, ನನ್ನ ಅಂಗೈಯಷ್ಟು ಅಗಲಕ್ಕೆ, ಹಪ್ಪಳದಂತಹ ತೆಳುವಾದ ಮಂಜಿನ ಪದರ ಕಟ್ಟಿತ್ತು.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ತಿಳಿಸಬೇಕು. ನನ್ನ ಗ್ಲೌಸಿನ ಬಿಸಿಗೆ ಆ ಪದರ ಆಗಲೇ ಅಂಚಿನಲ್ಲಿ ಕರಗತೊಡಗಿತ್ತು. ಇನ್ನೆರಡು ನಿಮಿಷ ಸುಮ್ಮನೆ ಹಿಡಿದಿದ್ದರೆ ನೀರಾಗುತ್ತಿತ್ತು. ದಾಖಲೆಯಲ್ಲಿ ಮೂರು ಡಿಗ್ರಿ ಇತ್ತು, ನನ್ನ ಸಹಿ ಇತ್ತು, ಯಾರೂ ನೋಡಿರಲಿಲ್ಲ. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ ತಿಳಿಯದು. ಹಪ್ಪಳ ಅಂಗೈಯಷ್ಟಿದ್ದದ್ದು ಮೂರು ಬೆರಳಿನಷ್ಟಾಗಿತ್ತು ಎಂಬುದರಿಂದ ಸ್ವಲ್ಪ ಹೊತ್ತು ನಿಂತಿದ್ದೆ ಎಂದು ಊಹಿಸಬಹುದು.

"ಸರ್, ಸ್ವಲ್ಪ ಬೇಗ ಬನ್ನಿ," ಎಂದು ಕೂಗಿದೆ.

ಅವರು ಒದ್ದೆ ಕೈ ಮೇಲೆತ್ತಿಕೊಂಡೇ ಬಂದು ನೋಡಿದರು.

"ಪ್ಯಾಕ್ ಮಾಡಿದ್ದು ಯಾರು?"

"ನಾನೇ ಸರ್."

"ಬೆವರಿಸ್ಲಿಲ್ವಾ?"

"ಇಲ್ಲ ಸರ್."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಳಗಿನ ಚೀಲವನ್ನು ತೆರೆಸಿದರು. ಅದರಲ್ಲಿನ ದ್ರಾವಣ ನೀರಾಗಿಯೇ ಇತ್ತು. ಮೂತ್ರಪಿಂಡವನ್ನು ಅವರು ಸುತ್ತಲೂ ಒತ್ತಿ ನೋಡಿದರು, ನನ್ನಿಂದಲೂ ಒತ್ತಿಸಿದರು. ಎಲ್ಲ ಕಡೆಯೂ ಮೆತ್ತಗಿತ್ತು. ಆದರೆ ಮೇಲುಪದರ ಒಮ್ಮೆ ಹೆಪ್ಪುಗಟ್ಟಿ ಮತ್ತೆ ಕರಗಿದ್ದರೂ ಕೈಗೆ ಮೆತ್ತಗೇ ಸಿಗುತ್ತದೆ.

ಚಿಕ್ಕ ತುಣುಕೊಂದನ್ನು ಪ್ರಯೋಗಾಲಯಕ್ಕೆ ಕಳುಹಿಸಿದೆವು. ಅಲ್ಲಿನ ವೈದ್ಯೆ ಅರ್ಧ ಗಂಟೆಯಲ್ಲಿ ಫೋನ್ ಮಾಡಿದರು. "ದಾನಿಯ ಕಿಡ್ನಿ ಮೂಲದಲ್ಲಿ ಚೆನ್ನಾಗಿದೆ. ಆದ್ರೆ ಐಸ್ ಹಾನಿ ಆಗಿದ್ಯಾ ಅಂತ ಕೇಳ್ಬೇಡಿ. ಇಷ್ಟು ಬೇಗ ರಿಪೋರ್ಟ್ ಕೊಡ್ಬೇಕಾದ್ರೆ ತುಣುಕನ್ನ ನಾವೇ ಫ್ರೀಜ್ ಮಾಡಿ ಕೊಯ್ಯೋದು. ಹರಳಿನ ಗುರುತು ಕಾಣ್ತಿದೆ. ಅದು ನಿಮ್ಮ ಐಸೋ, ನಮ್ಮ ಐಸೋ, ಹೇಗೆ ಹೇಳ್ಲಿ?"

ಉಳಿದಿದ್ದು ಯಂತ್ರ. ಮೂತ್ರಪಿಂಡದ ಅಪಧಮನಿಗೆ ನಳಿಕೆ ಜೋಡಿಸಿ, ತಣ್ಣನೆಯ ದ್ರಾವಣವನ್ನು ಹದವಾದ ಒತ್ತಡದಲ್ಲಿ ಹರಿಸುತ್ತಿದ್ದರೆ, ಒಳಗಿನ ಸಣ್ಣ ನಾಳಗಳು ಎಷ್ಟು ತೆರೆದಿವೆ ಎಂಬುದು ತಿಳಿಯುತ್ತದೆ. ಹರಿವು ಏರಬೇಕು, ಪ್ರತಿರೋಧ ಇಳಿಯಬೇಕು. ನಮ್ಮಲ್ಲಿರುವುದು ಒಂದೇ ಯಂತ್ರ. ಅದನ್ನು ಸಿದ್ಧಪಡಿಸಿ, ಕೊಳವೆಗಳಲ್ಲಿ ಗಾಳಿಯ ಗುಳ್ಳೆ ಇಲ್ಲವೆಂದು ಎರಡು ಬಾರಿ ಪರೀಕ್ಷಿಸಿ, ಹತ್ತೂ ಕಾಲಿಗೆ ಚಾಲನೆ ಮಾಡಿದೆ. ಮೊದಲ ಹರಿವು ನಿಮಿಷಕ್ಕೆ ಮೂವತ್ತೆಂಟು ಮಿಲಿಲೀಟರ್. ಕಡಿಮೆ. ಅರ್ಧ ಗಂಟೆಯ ಬಳಿಕ ನಲವತ್ತೊಂದು. ಆಮೇಲಿನ ಅರ್ಧ ಗಂಟೆಗೆ ಮತ್ತೆ ನಲವತ್ತೊಂದು. ಅಲ್ಲಿಗೆ ನಾನು ಆಸೆ ಬಿಟ್ಟಿದ್ದೆ. ಕಾಲು ಊದಿಕೊಂಡು ಚಪ್ಪಲಿಯ ಪಟ್ಟಿ ಚರ್ಮಕ್ಕೆ ಕೂತಿತ್ತು. ಹನ್ನೊಂದೂಮುಕ್ಕಾಲಿಗೆ ಐವತ್ತಾರು. ಹನ್ನೆರಡೂ ಕಾಲಿಗೆ ಎಪ್ಪತ್ತೆರಡು. ಪ್ರತಿರೋಧ ಅರ್ಧಕ್ಕೆ ಇಳಿದಿತ್ತು.

ಹಿರಿಯ ವೈದ್ಯರು ಅಂಕಿಗಳನ್ನು ನೋಡಿ, "ನಾನಾದ್ರೆ ಹಾಕ್ತೀನಿ," ಎಂದರು. "ಆದ್ರೆ ಹಾಕಿಸ್ಕೊಳ್ಳೋದು ನಾನಲ್ಲ. ಅವರಿಗೆ ಹೇಳ್ಬೇಕು. ನೀವೂ ಬನ್ನಿ, ಏನಾಯ್ತು ಅಂತ ನೀವೇ ಹೇಳಿ."

ಸಾಮಾನ್ಯವಾಗಿ ಕಸಿ ಮಾಡಿಸಿಕೊಳ್ಳುವವರನ್ನು ನಾನು ಭೇಟಿಯಾಗುವುದಿಲ್ಲ. ನನ್ನ ಪರಿಚಯ ಅಂಗದೊಂದಿಗೆ ಮಾತ್ರ. ಅಂದು ಕಂಡವರು ಆರ್.ಟಿ. ನಗರದ ನಲವತ್ತು ದಾಟಿದ ಒಬ್ಬ ಮಹಿಳೆ, ಮನೆಯಲ್ಲಿಯೇ ಬ್ಲೌಸ್ ಹೊಲಿಯುವವರು. ಇದಕ್ಕೂ ಮೊದಲು ನಾಲ್ಕು ಸಲ ಅವರನ್ನು ಬದಲಿಯಾಗಿ ಕರೆಸಿ, ಕಿಡ್ನಿ ಬೇರೆಯವರಿಗೆ ಹೊಂದಿದ್ದರಿಂದ ವಾಪಸು ಕಳುಹಿಸಲಾಗಿತ್ತು. ಡಯಾಲಿಸಿಸ್ ಮಾಡಲು ರಕ್ತ ತೆಗೆಯುವ ಜಾಗಗಳು ಅವರ ದೇಹದಲ್ಲಿ ಒಂದೊಂದಾಗಿ ಮುಚ್ಚಿಹೋಗಿದ್ದವು. ಎರಡೂ ಕೈ, ಕುತ್ತಿಗೆಯ ಎರಡೂ ಬದಿ ಮುಗಿದು, ತೊಡೆಯಲ್ಲಿ ಹಾಕಿದ ನಳಿಕೆಯೊಂದೇ ಉಳಿದಿತ್ತು. ಅದೂ ಮುಚ್ಚಿದರೆ ಮುಂದೇನೆಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ವೈದ್ಯರು ವಿಷಯ ತಿಳಿಸಿದರು. ನಾನು ನಿಂತುಕೊಂಡೇ ನನ್ನ ಭಾಗವನ್ನು ಹೇಳಿದೆ. ಮಂಚದ ಪಕ್ಕದಲ್ಲಿದ್ದ ಅವರ ಪತಿ ತಲೆಯೆತ್ತಿದರು.

"ಫ್ರೀಜರ್ ಐಸಾ? ಡೈರೆಕ್ಟಾ?"

"ಹೌದು."

"ಮೇಡಂ, ನಾನು ಇಪ್ಪತ್ತು ವರ್ಷದಿಂದ ಫ್ರಿಜ್ ರಿಪೇರಿ ಮಾಡ್ತಿದೀನಿ. ಫ್ರೀಜರ್ ಐಸ್ ಮೈನಸ್ ಹದಿನೆಂಟಿರತ್ತೆ. ಮೀನಿನ ಅಂಗಡಿಯವ್ನೂ ನೀರು ಹಾಕ್ದೆ ಇಡಲ್ಲ ಅದನ್ನ!"

"ಬಸ್ ಕರೋ ಜೀ, ಸಾಕು ಬಿಡಿ," ಎಂದರು ಆಕೆ, ಮೆಲ್ಲಗೆ.

"ನೀನ್ ಸುಮ್ನಿರು." ಅವರು ನನ್ನ ಕಡೆ ತಿರುಗಿದರು. ಸಿಟ್ಟು ಇಳಿದಿರಲಿಲ್ಲ, ಆದರೆ ಪ್ರಶ್ನೆ ಕೆಲಸಗಾರನದಾಗಿತ್ತು. "ಎಷ್ಟೊತ್ತು ಇತ್ತು? ಕಟ್ಟಿದ್ದು ಎಷ್ಟು ದಪ್ಪ?"

"ಒಂದು ಗಂಟೆ ಮೇಲೆ. ಹಪ್ಪಳದಷ್ಟು ದಪ್ಪ, ಒಂದೇ ಕಡೆ. ಹೊರಗಿನ ನೀರಲ್ಲಿ."

"ಆ ಚೀಲದಲ್ಲಿ ಉಳಿದ ನೀರು?"

"ನೀರಾಗೇ ಇತ್ತು."

ಅವರು ಗೋಡೆ ನೋಡುತ್ತಾ ಬೆರಳುಗಳಿಂದ ಏನೋ ಲೆಕ್ಕ ಹಾಕಿದರು. "ಹೊರಗಿನ ನೀರು ಪೂರ್ತಿ ಕಟ್ಟೋವರೆಗೂ ಚಳಿ ಜೋರಾಗಿ ಒಳಗೆ ಹೋಗಲ್ಲ. ಐಸ್ ಕಟ್ಟೋದ್ರಲ್ಲೇ ಖರ್ಚಾಗತ್ತೆ," ಎಂದರು ಪತ್ನಿಗೆ. ಬಳಿಕ ವೈದ್ಯರಿಗೆ, "ಒಳಗೆ ಏನೂ ಆಗಿರಲಿಕ್ಕಿಲ್ಲ ಸರ್. ಆದ್ರೆ ಗ್ಯಾರಂಟಿ ಕೊಡಲ್ಲ. ಫ್ರಿಜ್ಗೂ ನಾನ್ ಗ್ಯಾರಂಟಿ ಕೊಡಲ್ಲ."

"ನಾನೂ ಕೊಡಲ್ಲ," ಎಂದರು ವೈದ್ಯರು. "ಮೊದಲ ಕೆಲವು ದಿನ ಕೆಲಸ ಮಾಡದೇ ಇರಬಹುದು. ಮಾಡದೇನೇ ಹೋಗಬಹುದು. ಬೇಡ ಅಂದ್ರೆ ನಿಮ್ಮ ಸರದಿ ಹಾಗೇ ಇರುತ್ತೆ, ಏನೂ ತೊಂದರೆ ಇಲ್ಲ."

ಆಕೆ ಅವರನ್ನು ನೋಡಲಿಲ್ಲ, ನನ್ನನ್ನು ನೋಡಿದರು.

"ಮೇಡಂ, ನೀವೇ ನನ್ನ ಜಾಗದಲ್ಲಿದ್ರೆ ತಗೋತಿದ್ರಾ?"

ಇಂತಹ ಪ್ರಶ್ನೆಗಳಿಗೆ ತಂತ್ರಜ್ಞರು ಉತ್ತರಿಸತಕ್ಕದ್ದಲ್ಲ ಎಂಬುದು ನಿಯಮ. ನಾನು ವೈದ್ಯರ ಮುಖ ನೋಡಿದೆ. ಅವರು ಕಿಟಕಿಯತ್ತ ತಿರುಗಿಕೊಂಡರು.

"ಗೊತ್ತಿಲ್ಲಮ್ಮ," ಎಂದೆ. "ತಗೋಳಿ ಅಂದ್ರೆ ನನ್ನ ತಪ್ಪು ಮುಚ್ಕೊಳ್ಳೋಕೆ ಹೇಳ್ದಂಗಾಗುತ್ತೆ. ಬೇಡ ಅಂದ್ರೆ ಹೆದರಿ ಹೇಳ್ದಂಗಾಗುತ್ತೆ. ನನ್ನ ಕೈಗೆ ಸಿಕ್ಕಿದ್ದು ಹೇಳ್ತೀನಿ. ಕಿಡ್ನೀನ ಸುತ್ತ ಒತ್ತಿ ನೋಡಿದೀನಿ. ಮೆತ್ತಗಿತ್ತು. ಮಿಷಿನ್ ಮೇಲೆ ಎರಡು ಗಂಟೆಯಿಂದ ನೋಡ್ತಿದೀನಿ. ಈಗ ಚೆನ್ನಾಗಿ ಹರೀತಿದೆ."

"ಐಸ್ ಕಟ್ಟಿದ್ದನ್ನ ನೀವು ಹೇಳ್ದೇ ಇದ್ದಿದ್ರೆ ನಮಗೆ ಗೊತ್ತಾಗ್ತಿತ್ತಾ?"

"ಇಲ್ಲ."

ಆಕೆ ಬಹಳ ಹೊತ್ತು ಹೊದಿಕೆಯ ಅಂಚಿನ ಹೊಲಿಗೆಯನ್ನು ಉಗುರಿನಿಂದ ತಡವುತ್ತಿದ್ದರು. "ಅಳತೆ ತಪ್ಪಿದ್ರೆ ನಾನೂ ಗಿರಾಕಿಗೆ ಮೊದಲೇ ಹೇಳ್ತೀನಿ," ಎಂದರು. "ಹೇಳ್ದೆ ಕೊಟ್ರೆ ಅವ್ರು ಮದ್ವೆ ದಿನ ಹಾಕ್ಕೊಂಡು ಅಳ್ತಾರೆ." ಬಳಿಕ ವೈದ್ಯರ ಕಡೆ ತಿರುಗಿ, "ಹಾಕಿ ಡಾಕ್ಟರೇ. ತೊಡೇದೂ ಮುಚ್ಚಿದ್ಮೇಲೆ ಹುಡ್ಕೋಕೆ ನನ್ನ ಮೈಯಲ್ಲಿ ಜಾಗ ಎಲ್ಲಿದೆ?"

ಮಧ್ಯಾಹ್ನ ಎರಡೂವರೆಗೆ ಶಸ್ತ್ರಕ್ರಿಯೆ ಆರಂಭವಾಯಿತು. ನಾನು ಮನೆಗೆ ಹೋಗಬಹುದೆಂದು ತಿಳಿಸಲಾಯಿತು. ಹೋಗಲಿಲ್ಲ. ನಾಲ್ಕೂ ಕಾಲಿಗೆ ರಕ್ತನಾಳಗಳನ್ನು ಅದುಮಿ ಹಿಡಿದಿದ್ದ ಕ್ಲಾಂಪ್ ತೆಗೆದರು. ಮಾಸಲು ಮೂತ್ರಪಿಂಡ ಮೇಲಿನಿಂದ ಕೆಳಕ್ಕೆ ಗುಲಾಬಿಯಾಗುತ್ತ ಬಂತು. ಹೊರ ಅಂಚಿನಲ್ಲಿ ಮಾತ್ರ, ಆ ಹಪ್ಪಳದ ಬದಿಯಲ್ಲಿ, ನೀಲಿ ಕಲೆಯೊಂದು ಉಳಿದುಕೊಂಡಿತು. ವೈದ್ಯರು ಬಿಸಿ ಸಲೈನಿನಲ್ಲಿ ಅದ್ದಿದ ಬಟ್ಟೆಯನ್ನು ಅದರ ಮೇಲಿಟ್ಟು ಅಂಗೈಯಲ್ಲಿ ಹಿಡಿದು ನಿಂತರು. ಹತ್ತು ನಿಮಿಷದ ಬಳಿಕ ಬಟ್ಟೆ ತೆಗೆದಾಗ ಕಲೆ ಚಿಕ್ಕದಾಗಿತ್ತು, ಹೋಗಿರಲಿಲ್ಲ. ಮೂತ್ರ ಒಂದು ಹನಿಯೂ ಬರಲಿಲ್ಲ.

ಎರಡನೆಯ ದಿನ, ಮೂರನೆಯ ದಿನ, ನಾಲ್ಕನೆಯ ದಿನವೂ ಬರಲಿಲ್ಲ. ಅದೇ ತೊಡೆಯ ನಳಿಕೆಯಿಂದ ಡಯಾಲಿಸಿಸ್ ಮುಂದುವರಿಯಿತು. ಕರ್ತವ್ಯದ ಮೊದಲು ನಾನು ಆ ವಾರ್ಡಿನ ಬಾಗಿಲಿನವರೆಗೆ ಹೋಗಿ, ಮಂಚದ ಕೆಳಗೆ ತೂಗುಹಾಕಿದ ಮೂತ್ರದ ಚೀಲವನ್ನು ನೋಡಿ ಹಿಂದಿರುಗುತ್ತಿದ್ದೆ. ಆಕೆಯ ಮುಖ ನೋಡುತ್ತಿರಲಿಲ್ಲ. ಈ ನಡುವೆ ವರದಿ ಸಲ್ಲಿಸಿದೆ, ವಿಚಾರಣೆ ನಡೆಯಿತು, ಒಂದು ತಿಂಗಳು ಪೆಟ್ಟಿಗೆ ತುಂಬುವ ಕೆಲಸದಿಂದ ನನ್ನನ್ನು ಮುಕ್ತಗೊಳಿಸಲಾಯಿತು. ನಮೂನೆಯಲ್ಲಿ 'ಮಂಜುಗಡ್ಡೆ ಬೆವರಿದೆಯೇ' ಎಂಬ ಹೊಸ ಕಾಲಂ ಸೇರಿಸಬೇಕೆಂದು ನಾನು ಕೋರಿದ್ದೆ. ಭಾಷೆ ಕಚೇರಿಗೆ ತಕ್ಕುದಲ್ಲವೆಂದು ಅದನ್ನು 'ಕರಗುವ ಸ್ಥಿತಿಯಲ್ಲಿದೆಯೇ' ಎಂದು ತಿದ್ದಿ ಅಂಗೀಕರಿಸಿದರು.

ಒಂಬತ್ತನೆಯ ದಿನ ಬೆಳಿಗ್ಗೆ ವಾರ್ಡಿನ ಬಾಗಿಲಲ್ಲಿ ಆಕೆಯ ಪತಿ ನನ್ನನ್ನು ತಡೆದರು.

"ಏನ್ ಮೇಡಂ, ದಿನಾ ಕದ್ದು ನೋಡ್ಕೊಂಡು ಹೋಗ್ತೀರಾ? ಒಳಗೆ ಬಂದು ನೋಡಿ."

ಚೀಲದ ತಳದಲ್ಲಿ ಎರಡು ಬೆರಳಿನಷ್ಟು, ಚಹಾದ ಬಣ್ಣದ ಮೂತ್ರವಿತ್ತು. ಆಕೆ ಮಲಗಿದ್ದಲ್ಲಿಂದಲೇ, "ಇವ್ರು ಬೆಳಿಗ್ಗೆಯಿಂದ ಅದನ್ನೇ ಕೂತು ಅಳೀತಿದಾರೆ ಮೇಡಂ. ನಂಗೆ ನೀರು ಕೊಡೋದೂ ಮರ್ತಿದಾರೆ," ಎಂದರು.

ಆ ಮೂತ್ರಪಿಂಡ ಇಂದಿಗೂ ಕೆಲಸ ಮಾಡುತ್ತಿದೆ. ಆದರೆ ನಿರೀಕ್ಷಿಸಿದಷ್ಟು ಚೆನ್ನಾಗಿ ಅಲ್ಲ. ರಕ್ತದ ವರದಿಗಳಲ್ಲಿ ಒಂದು ಅಂಕಿ ಸದಾ ಸ್ವಲ್ಪ ಮೇಲೆಯೇ ಉಳಿದಿದೆ. ಅದು ನನ್ನ ಮಂಜುಗಡ್ಡೆಯಿಂದಲೋ ಬೇರೆ ಕಾರಣದಿಂದಲೋ ಎಂದು ಹಿರಿಯ ವೈದ್ಯರನ್ನು ಒಮ್ಮೆ ಕೇಳಿದೆ. "ಗೊತ್ತಾಗಲ್ಲ," ಎಂದರು. "ಗೊತ್ತಾಗದೇ ಇರೋದನ್ನ ಇಟ್ಕೊಂಡೇ ಕೆಲಸ ಮಾಡಿ." ಹಾಗೆಯೇ ಮಾಡುತ್ತಿದ್ದೇನೆ.

ತಿಂಗಳು ಮುಗಿದ ಮೇಲೆ ಮತ್ತೆ ನನಗೆ ಪೆಟ್ಟಿಗೆ ಒಪ್ಪಿಸಿದರು. ಬೇರೆ ಆಸ್ಪತ್ರೆ, ಬೇರೆ ದಾನಿ, ಚಾಲಕರು ಮಾತ್ರ ಅವರೇ. ಮೂರು ಚೀಲಗಳ ಗಂಟು ಬಿಗಿದು, ಬೇಸಿನ್ನಿನ ಮುಂದೆ ನಿಂತಿದ್ದೆ. ಅವರು ಬಾಗಿಲಿಗೆ ಬಂದು, "ಮೇಡಂ, ಪೊಲೀಸ್ನೋರು ಸಿಗ್ನಲ್ ಹಿಡ್ಕೊಂಡು ನಿಂತವ್ರೆ. ರೋಡ್ ಪೂರ್ತಿ ಖಾಲಿ," ಎಂದರು.

ನೀರಿನಿಂದ ಒಂದು ತುಂಡು ಎತ್ತಿ ಹಿಡಿದೆ. ಅದು ಬೆರಳಿಗೆ ಅಂಟಿಕೊಂಡಿತು.

"ನಿಂತಿರ್ಲಿ," ಎಂದೆ. "ಇನ್ನೂ ಬೆವರಿಲ್ಲ."